ಒಳಗಿನ ಗುಂಡಿ ಬೇಡವೆಂದ ನಿರ್ದೇಶಕರಿಗೆ

ಮಾನ್ಯ ನಿರ್ದೇಶಕರೇ,

ತಮ್ಮ ದಾಖಲೆ ಭಂಡಾರದ ನೆಲಮಾಳಿಗೆಯ ಬಾಗಿಲಿಗೆ ಕಾರ್ಡ್ ರೀಡರ್ ಕೂರಿಸಿದವನು ನಾನು. ಅದೇ ಬಾಗಿಲ ಹಿಂದೆ, ಮೂವತ್ತೊಂದು ವರ್ಷ ಆ ಕಚೇರಿಗೆ ದುಡಿದ ದಾಖಲೆ ಪಾಲಕಿಯನ್ನು ಅವರ ಸೇವೆಯ ಕೊನೆಯ ದಿನ, ಹಾಡಹಗಲು, ಮೂರು ಗಂಟೆ ಹತ್ತು ನಿಮಿಷ ಕೂಡಿಹಾಕಿದವರು ತಾವು. ಆಮೇಲೆ ವಿಚಾರಣಾ ಸಮಿತಿಗೆ ತಾವೇ ಅಧ್ಯಕ್ಷರಾಗಿ, ತಾವೇ ಏಕೈಕ ಸದಸ್ಯರಾಗಿ, ತಮ್ಮನ್ನು ತಾವೇ ವಿಚಾರಿಸಿಕೊಂಡು, ತಮ್ಮ ಉತ್ತರಗಳಿಂದ ತಾವೇ ತೃಪ್ತರಾಗಿ ಒಂದು ವರದಿ ಬರೆದಿರಿ. ಅದರಲ್ಲಿ "ತಂತ್ರಜ್ಞನ ಘೋರ ನಿರ್ಲಕ್ಷ್ಯ" ಎಂಬ ಮಾತು ನಾಲ್ಕು ಕಡೆ ಬಂದಿದೆ. ತಮ್ಮ ಪ್ರಸ್ತಾಪ ಬಂದಿರುವುದು ಒಂದೇ ಕಡೆ, ಕೊನೆಯ ಪುಟದ ಸಹಿಯ ಕೆಳಗೆ.

ಇದಕ್ಕೆ ಮುಚ್ಚಿದ ಲಕೋಟೆಯಲ್ಲಿ ಮೂರು ಸಲ ಉತ್ತರ ಬರೆದೆ. ಮೂರು ಸಲವೂ ತಮ್ಮ ಕಚೇರಿಯ "ಸ್ವೀಕರಿಸಲಾಗಿದೆ" ಎಂಬ ಮೊಹರು ಮಾತ್ರ ಹಿಂದಿರುಗಿತು. ಆದ್ದರಿಂದ ಈ ಸಲ ಲಕೋಟೆ ಮುಚ್ಚುತ್ತಿಲ್ಲ, ಎಲ್ಲರೂ ಓದಲಿ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಇಂಥ ಪತ್ರ ಬರೆಯುವವರು ಸಾಮಾನ್ಯವಾಗಿ ತಮಗೆ ಯಾರ ಮೇಲೂ ವೈಯಕ್ತಿಕ ದ್ವೇಷವಿಲ್ಲ, ವ್ಯವಸ್ಥೆ ಸುಧಾರಿಸಲಿ ಎಂಬುದಷ್ಟೇ ಆಸೆ ಎನ್ನುತ್ತಾರೆ. ನನಗೆ ದ್ವೇಷವಿದೆ. ವ್ಯವಸ್ಥೆ ತನ್ನ ಪಾಡಿಗೆ ಸುಧಾರಿಸಿಕೊಳ್ಳಲಿ. ನನಗೆ ಬೇಕಿರುವುದು ತಾವು.

ಓದುವವರಿಗೆ ಅರ್ಥವಾಗಲೆಂದು ಆ ಬಾಗಿಲಿನ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ. ಗೋಡೆಯ ಮೇಲೆ ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ. ಅದಕ್ಕೆ ಕಾರ್ಡ್ ತೋರಿಸಿದರೆ ಬಾಗಿಲ ತಲೆಯಲ್ಲಿರುವ ಅಯಸ್ಕಾಂತ ಹಿಡಿತ ಬಿಡುತ್ತದೆ. ಕಾರ್ಡ್ ಒಪ್ಪಿಗೆಯಾಗದಿದ್ದರೆ ಕೆಂಪು ದೀಪ ಮಿನುಗಿ, ಎರಡು ಸಲ ಕೀಚ್ ಎಂದು ಸುಮ್ಮನಾಗುತ್ತದೆ. ನಾಲ್ಕು ಜನ ಸೇರಿ ಎಳೆದರೂ ಆ ಬಾಗಿಲು ಜಗ್ಗುವುದಿಲ್ಲ. ಹದಿನೇಳು ವರ್ಷದಿಂದ ನಾನು ಈ ಕೆಲಸ ಮಾಡುತ್ತಿದ್ದೇನೆ. ಬ್ಯಾಂಕಿಗೆ ಹಾಕಿದ್ದೇನೆ, ಔಷಧಿ ಉಗ್ರಾಣಕ್ಕೆ ಹಾಕಿದ್ದೇನೆ, ಎಲ್ಲ ಕಡೆಯೂ ಒಂದೇ ನಿಯಮ. ಹೊರಗಿನಿಂದ ಬರುವವನಿಗೆ ಕಾರ್ಡ್, ಒಳಗಿನಿಂದ ಹೋಗುವವನಿಗೆ ಒಂದು ಗುಂಡಿ. ಒತ್ತಿದರೆ ಬಾಗಿಲು ತೆರೆಯಬೇಕು. ಪಕ್ಕದಲ್ಲೇ ಗಾಜಿನ ಮುಚ್ಚಳದ ಇನ್ನೊಂದು ಪೆಟ್ಟಿಗೆ, ಬೆಂಕಿಯೋ ಹೊಗೆಯೋ ಆದರೆ ಗಾಜು ಒಡೆದು ಹೊರಗೆ ಓಡಲು. ಒಳಗೆ ಬರುವವನನ್ನು ಬೇಕಾದಷ್ಟು ಅನುಮಾನಿಸಿ, ಹೊರಗೆ ಹೋಗುವವನನ್ನು ತಡೆಯಬೇಡಿ. ನನ್ನ ಕಸುಬಿನಲ್ಲಿ ಮೊದಲ ದಿನ ಕಲಿಸುವ ಪಾಠ ಇದು.

ನಾನು ತಂದ ನಕ್ಷೆಯಲ್ಲಿ ಆ ಗುಂಡಿಯೂ ಇತ್ತು, ಗಾಜಿನ ಪೆಟ್ಟಿಗೆಯೂ ಇತ್ತು. ತಾವು ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡಿರಿ.

"ಇದೇನಿದು?" ಎಂದಿರಿ.

"ಒಳಗಿಂದ ಹೊರಗೆ ಬರೋ ಗುಂಡಿ ಸರ್."

"ಯಾಕೆ? ಒತ್ತಿ ಯಾರು ಬೇಕಾದ್ರೂ ಎದ್ದು ಹೋಗೋಕಾ? ಕೆಳಗೆ ಹೋದೋರು ಎಷ್ಟು ನಿಮಿಷ ಇದ್ರು ಅಂತ ನನಗೆ ಗೊತ್ತಾಗ್ಬೇಕು. ಒಳಗೂ ಕಾರ್ಡ್ ಹಾಕಿ."

"ಹಾಗೆ ಮಾಡ್ಬಾರ್ದು ಸರ್. ಕಾರ್ಡ್ ಕೈಕೊಟ್ರೆ ಒಳಗಿರೋರು..."

"ನೀವು ಡ್ರಿಲ್ ಹಿಡಿಯೋರೋ, ಆಡಳಿತ ನಡೆಸೋರೋ?"

ಗುಂಡಿಯ ಮೇಲೆ ಒಂದು ಗೆರೆ, ಗಾಜಿನ ಪೆಟ್ಟಿಗೆಯ ಮೇಲೆ ಒಂದು ಗೆರೆ. ಅಂಚಿನಲ್ಲಿ "ಅನಗತ್ಯ" ಎಂದು ಬರೆದು ತಾರೀಖು ಸಮೇತ ಚಿಕ್ಕ ಸಹಿ ಹಾಕಿದಿರಿ. ತಮ್ಮ ಸಹಿಗೆ ನಾನು ಋಣಿ. ಅಷ್ಟು ಅಚ್ಚುಕಟ್ಟಾಗಿ ಹಾಕದೇ ಹೋಗಿದ್ದರೆ ಇಂದು ನನ್ನ ಕೈಯಲ್ಲಿ ಏನಿರುತ್ತಿತ್ತು?

ನನ್ನ ತಪ್ಪನ್ನೂ ಇಲ್ಲೇ ಬರೆಯುತ್ತೇನೆ, ತಾವು ಹುಡುಕುವ ಶ್ರಮ ತಪ್ಪಲಿ. ಅವತ್ತು ನಾನು ನಕ್ಷೆ ಮಡಚಿಕೊಂಡು ಎದ್ದು ಹೊರಡಬೇಕಿತ್ತು. ಹೊರಡಲಿಲ್ಲ. ದೊಡ್ಡ ಕಚೇರಿ, ಹೆಸರು ಬರುತ್ತದೆ, ಒಂದು ಕಡೆ ಚೆನ್ನಾಗಿ ಮಾಡಿದರೆ ನಾಲ್ಕು ಕಡೆ ಕರೆಯುತ್ತಾರೆ ಎಂದುಕೊಂಡೆ. ಮಾರನೆಯ ವಾರ ಏಣಿ ಹೊತ್ತು ನೆಲಮಾಳಿಗೆಗೆ ಇಳಿದೆ.

ದಾಖಲೆ ಪಾಲಕಿಯನ್ನು ನಾನು ಮೊದಲು ನೋಡಿದ್ದು ಅಂದು. ಕುಳ್ಳಗಿನ ದೇಹ, ಕನ್ನಡಕಕ್ಕೆ ಕಟ್ಟಿದ ಕಪ್ಪು ದಾರ, ಧೂಳಿಗೆಂದು ಮೊಣಕೈವರೆಗೆ ಹಾಕಿಕೊಂಡ ಬಟ್ಟೆಯ ತೋಳು. ಡ್ರಿಲ್ ಧೂಳು ಕಡತಗಳ ಮೇಲೆ ಬೀಳಬಾರದೆಂದು ಮೂರು ಸಾಲು ಕಪಾಟಿಗೆ ಹಳೆಯ ಬೆಡ್‌ಶೀಟು ಹೊದಿಸಿ, ನಾನು ತೂತು ಕೊರೆಯುವಾಗ ಗೋಡೆಗೆ ಒಂದು ಖಾಲಿ ಲಕೋಟೆ ಅಂಟಿಸಿ ಪುಡಿ ಹಿಡಿದರು. ಹದಿನೇಳು ವರ್ಷದಲ್ಲಿ ನನಗೆ ಆ ಉಪಾಯ ಹೊಳೆದಿರಲಿಲ್ಲ. ಈಗ ಎಲ್ಲ ಕಡೆ ಹಾಗೇ ಮಾಡುತ್ತೇನೆ. ಒಳಗಿನ ಗೋಡೆಗೂ ನಾನು ಕಪ್ಪು ಪೆಟ್ಟಿಗೆ ಕೂರಿಸಿ ಸ್ಕ್ರೂ ಬಿಗಿಯುವಾಗ ಅವರು ಹತ್ತಿರ ಬಂದು ಗೋಡೆಯನ್ನು ಸವರಿ ನೋಡಿದರು.

"ಗುಂಡಿ ಎಲ್ಲಪ್ಪಾ? ನನ್ನ ಮಗಳ ಆಫೀಸಲ್ಲಿ ಒಳಗೆ ಒಂದು ಗುಂಡಿ ಇರತ್ತೆ."

"ಇಲ್ಲಿ ಬೇಡ ಅಂದಿದ್ದಾರಮ್ಮ."

"ಹಾಗಾದ್ರೆ ನಾನು ಒಳಗಿದ್ದಾಗ ನನ್ನ ಕಾರ್ಡ್ ಸತ್ತೋದ್ರೆ?"

"ಕಾರ್ಡ್ ಸಾಯಲ್ಲಮ್ಮ," ಎಂದೆ. ನಕ್ಕೂಬಿಟ್ಟೆ.

ಅವರು ನಗಲಿಲ್ಲ. ಅಂದೇ ಕೂತು ತಮಗೊಂದು ಪತ್ರ ಬರೆದರು. ಒಳಗೆ ಗುಂಡಿ ಇಲ್ಲದಿರುವುದು ಅಪಾಯ, ತಾನು ಸಕ್ಕರೆ ಕಾಯಿಲೆಯವಳು, ಕೆಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಹತ್ತು ಸಾಲಿನ ಪತ್ರ. ತಾವು ಕರೆಸಿಕೊಂಡು, "ಮೂವತ್ತು ವರ್ಷ ಬಾಗಿಲು ತೆಗೆದಿಟ್ಟುಕೊಂಡು ಕೂತವರಿಗೆ ಶಿಸ್ತು ಕಷ್ಟವಾಗುತ್ತದೆ" ಎಂದಿರಂತೆ. ಅವರು ಪತ್ರದ ಪ್ರತಿಯನ್ನು ನಿರ್ದೇಶಕರಿಗೂ ಮೇಲಿನ ಅಧಿಕಾರಿಗಳಿಗೆ ಕಳಿಸಿದರು. ತಮಗೆ ಅವರ ಮೇಲೆ ಮುನಿಸು ಶುರುವಾದದ್ದು ಅಂದಿನಿಂದ ಎಂದು ಇಡೀ ಕಚೇರಿ ಹೇಳುತ್ತದೆ. ನಾನು ಹೇಳುವುದಿಲ್ಲ. ನಾನು ಯಂತ್ರದಲ್ಲಿ ದಾಖಲಾದದ್ದನ್ನು ಮಾತ್ರ ಹೇಳುತ್ತೇನೆ.

ಏಕೆಂದರೆ ತಮಗೆ ಒಂದು ವಿಷಯ ಮರೆತುಹೋಗಿತ್ತು. ಯಾರು ಎಷ್ಟು ನಿಮಿಷ ಒಳಗಿದ್ದರು ಎಂದು ಬರೆದಿಡಲೆಂದೇ ತಾವು ಹಾಕಿಸಿದ ಯಂತ್ರವದು. ಅದು ನೌಕರರದ್ದನ್ನು ಮಾತ್ರ ಬರೆಯುವುದಿಲ್ಲ. ತಮ್ಮದನ್ನೂ ಬರೆಯುತ್ತದೆ.

ಅವರ ನಿವೃತ್ತಿಯ ದಿನ ಕಾರ್ಡಿನ ಅವಧಿಯನ್ನು ನಾನು ಸಂಜೆ ಆರು ಗಂಟೆಗೆ ಮುಗಿಯುವಂತೆ ಇಟ್ಟಿದ್ದೆ. ಅಂದು ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ, ನಿರ್ದೇಶಕರ ಪಾಸ್‌ವರ್ಡಿನಿಂದ, ಆ ಅವಧಿ ಮಧ್ಯಾಹ್ನ ಒಂದು ಗಂಟೆಗೆ ಬದಲಾಗಿದೆ. ಯಾಕೆ? ಐದು ಗಂಟೆ ಮೊದಲೇ ಆ ಹೆಂಗಸು ತಮಗೆ ಬೇಡವಾದರೇ? ಹೋಗುವಾಗ ಹಳೆಯ ಕಡತವೊಂದನ್ನು ಚೀಲಕ್ಕೆ ತುರುಕಿಕೊಂಡು ಹೋದಾರೆಂದು ಹೆದರಿದಿರೇ? ಬೇಡವಾಗಲಿ, ಹೆದರಿಕೊಳ್ಳಿ. ಒಂದು ಮಾತು ಹೇಳಲು ಬಾಯಿಗೆ ಏನಾಗಿತ್ತು?

ಹೇಳಲಿಲ್ಲ. ಹನ್ನೆರಡು ನಲವತ್ತೊಂದಕ್ಕೆ ಅವರು ನೆಲಮಾಳಿಗೆಗೆ ಹೋದರು. ಮುಂದೆ ಬರುವವರಿಗೆ ಸುಲಭವಾಗಲೆಂದು ಕೊನೆಯ ಕಪಾಟಿನ ಚೀಟಿಗಳನ್ನು ಹೊಸದಾಗಿ ಬರೆದು ಅಂಟಿಸುವ ಕೆಲಸ ಬಾಕಿ ಇತ್ತು. ಊಟದ ಡಬ್ಬಿ, ಮಾತ್ರೆ ಎಲ್ಲ ಮೇಲೆ ಮೇಜಿನ ಖಾನೆಯಲ್ಲಿ. ಅರ್ಧ ಗಂಟೆಯಲ್ಲಿ ಬರುವವರು ಅದನ್ನೆಲ್ಲ ಯಾಕೆ ಹೊತ್ತು ಇಳಿಯುತ್ತಾರೆ? ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಹೊರಗೆ ಬರಲು ಕಾರ್ಡ್ ತೋರಿಸಿದರು. "ಪ್ರವೇಶ ನಿರಾಕರಿಸಲಾಗಿದೆ" ಎಂದು ಯಂತ್ರ ಬರೆದುಕೊಂಡಿತು. ಯಂತ್ರದ ಭಾಷೆ ನೋಡಿ, ಹೊರಗೆ ಬರುವವರಿಗೂ ಪ್ರವೇಶ ನಿರಾಕರಣೆ. ಒಂದು ಹದಿಮೂರಕ್ಕೆ ಮತ್ತೆ. ಕಾರ್ಡನ್ನು ಸೆರಗಿಗೆ ಉಜ್ಜಿ ಮತ್ತೆ. ಮೊದಲ ಹದಿನೆಂಟು ನಿಮಿಷದಲ್ಲಿ ಹದಿನೇಳು ಸಲ. ಆಮೇಲೆ ಐದು ನಿಮಿಷಕ್ಕೊಂದು ಸಲ, ಒಂದೊಂದು ಹೊತ್ತು ಎರಡು ಸಲ. ಒಟ್ಟು ನಲವತ್ತೊಂದು ಸಾಲು. ಕೊನೆಯದು ಮೂರು ಗಂಟೆ ಎರಡು ನಿಮಿಷಕ್ಕೆ.

ಆ ಹೊತ್ತಿಗೆ ತಾವು ಏನು ಮಾಡುತ್ತಿದ್ದಿರಿ ಎಂಬುದಕ್ಕೆ ಇನ್ನೂರು ಸಾಕ್ಷಿಗಳಿದ್ದಾರೆ. ಸರಿಯಾಗಿ ಅವರ ತಲೆಯ ಮೇಲಿನ ಸಭಾಂಗಣದಲ್ಲಿ, ಅವರದೇ ಬೀಳ್ಕೊಡುಗೆಯಲ್ಲಿ, ಅವರ ಸೇವಾನಿಷ್ಠೆಯ ಕುರಿತು ತಾವು ಮಾತನಾಡುತ್ತಿದ್ದಿರಿ. ಮೊದಲ ಸಾಲಿನಲ್ಲಿ ಅವರ ಮಗಳು, ಅವಳ ಪಕ್ಕದಲ್ಲಿ ಖಾಲಿ ಕುರ್ಚಿ. ಮಗಳು ಫೋನು ಮಾಡುತ್ತಲೇ ಇದ್ದಳು, ಅದು ಹತ್ತಲೇ ಇಲ್ಲ. ಎದ್ದು ಬಂದು ತಮ್ಮನ್ನೇ ಕೇಳಿದಳು.

"ನಿಮ್ಮ ತಾಯಿಗೆ ನನ್ನ ಮೇಲೆ ಕೋಪ ಇದೆ ಅಮ್ಮಾ. ಬಹಿಷ್ಕಾರ ಹಾಕಿರಬೇಕು. ಪರವಾಗಿಲ್ಲ, ನಾವು ದೊಡ್ಡ ಮನಸ್ಸು ಮಾಡೋಣ," ಎಂದಿರಿ.

ಆ ಹುಡುಗಿ ನಂಬಿಬಿಟ್ಟಳು. ತಾಯಿಯ ಹಟ ಅವಳಿಗೂ ಗೊತ್ತು. ಎರಡು ಬಸ್ಸು ಬದಲಿಸಿ ಮನೆಗೆ ಹೋಗಿ, ಬೀಗ ನೋಡಿ, ಪಕ್ಕದ ಮನೆಯವರನ್ನು ಕೇಳಿ, ಮತ್ತೆ ಎರಡು ಬಸ್ಸು ಹಿಡಿದು ವಾಪಸು ಬಂದಳು. ತಾನು ಕೂತಿದ್ದ ಕುರ್ಚಿಯಿಂದ ಹದಿನಾರು ಮೆಟ್ಟಿಲು ಕೆಳಗೆ ತಾಯಿ ಇದ್ದಾಳೆ ಎಂಬುದು ಗೊತ್ತಿದ್ದರೆ ಅವಳು ಊರೆಲ್ಲ ಅಲೆಯುತ್ತಿದ್ದಳೇ?

ಕೆಳಗೆ ಇವರು ಸ್ಟೂಲು ಹತ್ತಿದ್ದರು. ಕಪಾಟಿನ ಮೇಲೆ, ಸೂರಿಗೆ ಹತ್ತಿಕೊಂಡು ಒಂದು ಗಾಳಿಕಿಂಡಿ ಇದೆ. ಅಲ್ಲಿಗೆ ಬಾಯಿಟ್ಟು ಕೂಗಿದರೆ ಅಂಗಳದಲ್ಲಿ ಯಾರಿಗಾದರೂ ಕೇಳೀತು ಎಂಬ ಆಸೆ. ಅಂಗಳದಲ್ಲಿ ಯಾರಿದ್ದಾರೆ, ಎಲ್ಲರನ್ನೂ ತಾವು ಸಭಾಂಗಣಕ್ಕೆ ಕರೆಸಿದ್ದಿರಲ್ಲ. ಕೂಗಿ ಕೂಗಿ ಗಂಟಲು ಕಟ್ಟಿತು. ಹೊಟ್ಟೆಗಿಲ್ಲ, ಮಾತ್ರೆಯಿಲ್ಲ, ಬೆವರು ಕಿತ್ತು ಬಂತು, ಕಣ್ಣು ಕತ್ತಲೆಯಿಟ್ಟಿತು. ಸ್ಟೂಲಿನಿಂದ ಬಲಗೈ ಮೇಲೆ ಬಿದ್ದರು. ಮಣಿಕಟ್ಟು ಮುರಿದ ಸದ್ದು ತನ್ನ ಕಿವಿಗೇ ಕೇಳಿಸಿತು ಎಂದು ಆಮೇಲೆ ನನಗೆ ಹೇಳಿದರು. ಇನ್ನೊಂದು ಮಾತನ್ನೂ ಹೇಳಿದರು.

"ಕಿಂಡೀಲಿ ಚಪ್ಪಾಳೆ ಕೇಳಿಸ್ತಿತ್ತಪ್ಪ. ನನಗೇ ಹೊಡೀತಿದ್ದಾರೆ ಅಂತ ಗೊತ್ತಾಯ್ತು."

ಈ ಒಂದು ಮಾತು ಓದಿದ ಮೇಲೂ ತಮಗೆ ಇಂದು ಊಟ ಸೇರಿದರೆ, ತಮ್ಮ ಜೀರ್ಣಶಕ್ತಿಗೆ ನನ್ನ ನಮಸ್ಕಾರ.

ಅವರ ಪಾಲಿಗೆ ಉಳಿದದ್ದು ತಮ್ಮ ಕಚೇರಿಯ ಜವಾನ. ಸದಾ ಮಾತನಾಡುತ್ತಾನೆಂದು ಎಲ್ಲರೂ ಅವನನ್ನು ರೇಡಿಯೋ ಎನ್ನುತ್ತಾರೆ. ಬಾಗಿಲ ಹೊರಗೆ ಪೇರಿಸಿಟ್ಟಿದ್ದ ಹೆಚ್ಚಿನ ಕುರ್ಚಿ ತರಲು ಮೂರು ಇಪ್ಪತ್ತಕ್ಕೆ ನೆಲಮಾಳಿಗೆಯ ಮೆಟ್ಟಿಲಿಳಿದವನಿಗೆ ಏನೋ ಬಡಿಯುವ ಸದ್ದು ಕೇಳಿಸಿತು. ನೆಲದ ಮೇಲೆ ಬಿದ್ದಲ್ಲಿಂದಲೇ ಅವರು ಎಡಗೈಯಲ್ಲಿ ಉಕ್ಕಿನ ಅಳತೆಪಟ್ಟಿ ಹಿಡಿದು ಕಪಾಟಿಗೆ ಬಡಿಯುತ್ತಿದ್ದರು. ರೇಡಿಯೋ ತನ್ನ ಕಾರ್ಡ್ ತೋರಿಸಿದ. ಅವನ ಕಾರ್ಡಿಗೆ ಆ ಬಾಗಿಲಿನ ಅನುಮತಿ ಇಲ್ಲ. ಬಾಗಿಲಿಗೆ ಬಾಯಿಟ್ಟು, "ಮೇಡಮ್ಮೋರೇ, ಇರಿ, ಬಂದೆ" ಎಂದು ಕೂಗಿ ಮೇಲೆ ಓಡಿದ. ಹೊಸ ಪಾಲಕರನ್ನು ತಾವಿನ್ನೂ ನೇಮಿಸಿರಲಿಲ್ಲ. ಹಾಗಾಗಿ ಆ ಹೊತ್ತಿಗೆ ಆ ಬಾಗಿಲು ತೆರೆಯಬಲ್ಲ ಕಾರ್ಡ್ ಇಡೀ ಕಟ್ಟಡದಲ್ಲಿ ಇದ್ದದ್ದು ಒಂದೇ, ಅದು ತಮ್ಮದು. ಸಮಾರಂಭದ ಫೋಟೋ ತಮ್ಮ ಇಲಾಖೆಯ ಪತ್ರಿಕೆಯಲ್ಲಿ ಅಚ್ಚಾಗಿದೆ. ಹೂಗುಚ್ಛವನ್ನು ಖಾಲಿ ಕುರ್ಚಿಯ ಮೇಲಿಟ್ಟು ತಾವು ಚಪ್ಪಾಳೆ ತಟ್ಟುತ್ತಿದ್ದೀರಿ. ಕಾರ್ಡ್ ಕೊರಳಲ್ಲೇ ನೇತಾಡುತ್ತಿದೆ.

ರೇಡಿಯೋ ವೇದಿಕೆಯ ಹಿಂದಿನಿಂದ ಬಂದು ತಮ್ಮ ಕಿವಿಯಲ್ಲಿ ಹೇಳಿದ, "ಸರ್, ಮೇಡಮ್ಮೋರು ಕೆಳಗಡೆ ಸಿಕ್ಕಾಕ್ಕೊಂಡಿದ್ದಾರೆ. ನಿಮ್ಮ ಕಾರ್ಡ್ ಕೊಡಿ, ಎರಡೇ ನಿಮಿಷ."

ತಾವು ತಲೆಯನ್ನೂ ತಿರುಗಿಸದೆ ಹೇಳಿದಿರಿ, "ಕಾರ್ಯಕ್ರಮ ಮುಗೀಲಿ. ಅವರಿಗೆ ಅಲ್ಲೇ ಇದ್ದು ಅಭ್ಯಾಸ."

ಕಾರ್ಯಕ್ರಮ ಮುಗಿಯಿತು. ಅತಿಥಿಗಳೊಂದಿಗೆ ಚಹಾ ಕುಡಿದಿರಿ. ರೇಡಿಯೋ ಎರಡನೆಯ ಸಲ ಹತ್ತಿರ ಬಂದಾಗ ಕೈಸನ್ನೆಯಲ್ಲೇ ದೂರ ಸರಿಸಿದಿರಿ. ಆಮೇಲೆ ಕಾರು ಹತ್ತಿ ಬೇರೊಂದು ಸಭೆಗೆ ಹೊರಟುಹೋದಿರಿ. ಕೊರಳಿನ ಕಾರ್ಡೂ ತಮ್ಮೊಂದಿಗೆ ಹೋಯಿತು.

ರೇಡಿಯೋ ಗೋಡೆಯ ಪೆಟ್ಟಿಗೆಯ ಕೆಳಗಿನ ಚೀಟಿಯಲ್ಲಿದ್ದ ನನ್ನ ನಂಬರಿಗೆ ಫೋನು ಮಾಡಿದ. ನಾನು ಊರಿನ ಇನ್ನೊಂದು ತುದಿಯಲ್ಲಿದ್ದೆ. ಅವನ ಧ್ವನಿ ಕೇಳಿದ ಕೂಡಲೇ ಕೈಲಿದ್ದ ಕೆಲಸ ಹಾಗೇ ಬಿಟ್ಟು ಬಂದೆ. ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ನನ್ನದೇ ನಗು. ನಾಲ್ಕು ಇಪ್ಪತ್ತಕ್ಕೆ ಬಾಗಿಲ ಮುಂದೆ ಏಣಿ ಹಾಕಿ, ಮೇಲಿನ ತಂತಿಯ ಪೈಪು ಒಡೆದು, ಬೀಗದ ತಂತಿ ಕತ್ತರಿಸಿದೆ. ವಿದ್ಯುತ್ತು ನಿಂತಿತು, ಅಯಸ್ಕಾಂತ ಹಿಡಿತ ಬಿಟ್ಟಿತು. ಬಾಗಿಲು ನಾನು ಮುಟ್ಟುವ ಮೊದಲೇ ಒಂದಿಂಚು ಸಡಿಲಾಯಿತು. ಎರಡು ನಿಮಿಷದ ಕೆಲಸ.

ಅವರು ಎರಡು ಕಪಾಟಿನ ನಡುವೆ ಮಗ್ಗುಲಾಗಿ ಬಿದ್ದಿದ್ದರು. ಕನ್ನಡಕ ಒಡೆದಿತ್ತು. ಸೀರೆ ಒದ್ದೆಯಾಗಿತ್ತು, ಅದಕ್ಕೇ ನಾನು ಹತ್ತಿರ ಹೋದಾಗ ಮೊದಲು ಮುಖ ಮುಚ್ಚಿಕೊಂಡರು. ರೇಡಿಯೋ ತನ್ನ ಅಂಗಿ ಬಿಚ್ಚಿ ಅವರಿಗೆ ಹೊದಿಸಿದ. ಬನಿಯನ್ನಿನಲ್ಲೇ ಆಸ್ಪತ್ರೆವರೆಗೂ ಅವರ ಜೊತೆ ಬಂದ. ಮಗಳು ಬಸ್ಸಿಳಿದು ಬಂದಾಗ ಸ್ಟ್ರೆಚರು ಗೇಟು ದಾಟುತ್ತಿತ್ತು.

ಅಂದು ಸಂಜೆಯೇ ಬೀಗದ ದುರಸ್ತಿಗೆ ತಮ್ಮ ಕಚೇರಿಯವರು ನನ್ನನ್ನೇ ಕರೆದರು. ದುರಸ್ತಿ ಮಾಡುವ ಮೊದಲು ಯಂತ್ರದಲ್ಲಿದ್ದ ಇಡೀ ದಿನದ ದಾಖಲೆಯನ್ನು ಮುದ್ರಿಸಿ, ಪ್ರತಿ ಪುಟಕ್ಕೂ ತಮ್ಮ ಅಧೀಕ್ಷಕರ ಸಹಿ ಹಾಕಿಸಿಕೊಂಡೆ. ಪಾಪ, ಅವರು ಓದದೇ ಹಾಕಿದರು. ಓದದೇ ಸಹಿ ಹಾಕುವ ಅಭ್ಯಾಸವನ್ನು ಆ ಕಚೇರಿಗೆ ಕಲಿಸಿದವರು ಯಾರೆಂದು ನಾನು ಕೇಳುವುದಿಲ್ಲ.

ಎರಡು ತಿಂಗಳ ಮೇಲೆ ತಮ್ಮ ವರದಿ ಬಂತು. ಒಳಗೆ ಗುಂಡಿ ಇಲ್ಲದ್ದು ನನ್ನ ಲೋಪ. ಕಾರ್ಡ್ ರದ್ದಾದದ್ದು "ಯಂತ್ರದ ಸ್ವಯಂಚಾಲಿತ ಕ್ರಿಯೆ". ದಾಖಲೆ ಪಾಲಕಿ "ಸಮಾರಂಭವನ್ನು ತಪ್ಪಿಸಿಕೊಳ್ಳಲು ಸ್ವಇಚ್ಛೆಯಿಂದ ನೆಲಮಾಳಿಗೆಯಲ್ಲಿ ಇದ್ದ ಸಾಧ್ಯತೆ". ಮಾಹಿತಿ ಬಂದ ಕೂಡಲೇ "ತುರ್ತು ಕ್ರಮ ಕೈಗೊಳ್ಳಲಾಯಿತು". ನನ್ನ ಹೆಸರು ಕಪ್ಪುಪಟ್ಟಿಗೆ ಸೇರಿತು, ಯಾವ ಕಚೇರಿಯೂ ಈಗ ನನ್ನನ್ನು ಒಳಗೆ ಬಿಡುವುದಿಲ್ಲ. ಅದನ್ನು ನಾನು ಸಹಿಸಿಯೇನು, ತಪ್ಪಿನಲ್ಲಿ ನನ್ನ ಪಾಲೂ ಇತ್ತಲ್ಲ. "ಸ್ವಇಚ್ಛೆಯಿಂದ" ಎಂಬ ಆ ಒಂದು ಪದವನ್ನು ಸಹಿಸಲಾರೆ. ಮಾನ್ಯರೇ, ಸ್ವಇಚ್ಛೆಯಿಂದ ಕೂತವರು ನಲವತ್ತೊಂದು ಸಲ ಎದ್ದು ಬಾಗಿಲಿಗೆ ಹೋಗುತ್ತಾರೆಯೇ?

ಹೋದ ವಾರ ಅವರ ಮನೆಗೆ ಹೋಗಿದ್ದೆ. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿದೆ. ಮೂವತ್ತೊಂದು ವರ್ಷ ಮುತ್ತು ಪೋಣಿಸಿದಂತೆ ಚೀಟಿ ಬರೆದ ಕೈ ಈಗ ಲೋಟವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಮನೆಯಲ್ಲಿ ಯಾವ ಬಾಗಿಲನ್ನೂ ಮುಚ್ಚಲು ಬಿಡುವುದಿಲ್ಲ. ಸ್ನಾನದ ಮನೆಗೂ ಪರದೆ ಮಾತ್ರ. ಅಳಿಯ ಮನೆಯ ಚಿಲಕಗಳನ್ನೆಲ್ಲ ಬಿಚ್ಚಿ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದಾನೆ. ನಾನು ಹೀಗೊಂದು ಪತ್ರ ಬರೆಯುತ್ತೇನೆ, ತಾವು ಕ್ಷಮೆ ಕೇಳಲೇಬೇಕೆಂದು ಒತ್ತಾಯಿಸುತ್ತೇನೆ ಎಂದೆ.

"ಬೇಡಪ್ಪ. ಕ್ಷಮೆ ಕೇಳಿದ್ರೆ ನಾನು ಕ್ಷಮಿಸ್ಬೇಕಾಗತ್ತೆ. ನನಗೆ ಅದು ಇಷ್ಟ ಇಲ್ಲ. ನಡೆದದ್ದು ನಡೆದ ಹಾಗೆ ಬರೆದುಕೊಡ್ಲಿ, ಸಾಕು."

ಆಮೇಲೆ ನನ್ನ ಕಡೆ ನೋಡಿ, "ನಿನ್ನನ್ನೂ ಇನ್ನೂ ಪೂರ್ತಿ ಕ್ಷಮಿಸಿಲ್ಲ. ಟೀ ಕುಡಿ," ಎಂದರು. ಕುಡಿದೆ.

ಆದ್ದರಿಂದ, ಮಾನ್ಯರೇ, ತಮ್ಮ ಪಶ್ಚಾತ್ತಾಪ ನಮಗೆ ಯಾರಿಗೂ ಬೇಕಾಗಿಲ್ಲ, ತಮ್ಮಲ್ಲೇ ಇಟ್ಟುಕೊಳ್ಳಿ. ನಮಗೆ ಬೇಕಾದದ್ದು ತಮ್ಮ ಕೈಬರಹ. ಆ ವರದಿಯನ್ನು ಹಿಂತೆಗೆದುಕೊಂಡು, ಗುಂಡಿ ಬೇಡವೆಂದವರು ಯಾರು, ಕಾರ್ಡಿನ ಅವಧಿ ಬದಲಿಸಿದವರು ಯಾರು, ಮೂರು ಇಪ್ಪತ್ತೈದಕ್ಕೆ ಕಿವಿಯಲ್ಲಿ ಹೇಳಿದ ಮಾತಿಗೆ ಏನು ಉತ್ತರ ಕೊಟ್ಟಿರಿ, ಈ ಮೂರನ್ನೂ ಬರೆದು ಸಹಿ ಹಾಕಿ. ಇನ್ನೊಂದು ತಿಂಗಳಿಗೆ ತಮ್ಮದೂ ನಿವೃತ್ತಿ ಎಂದು ಕೇಳಿದೆ. ನಿವೃತ್ತರಾದ ಮೇಲೆ ಕೈಗೆ ಸಿಗುವುದಿಲ್ಲ ಎಂದು ನಾವು ಸುಮ್ಮನಾಗುತ್ತೇವೆಂದು ಭಾವಿಸಬೇಡಿ. ಕೆಂಪು ಗೆರೆಯ ನಕ್ಷೆ, ಅಧೀಕ್ಷಕರ ಸಹಿಯ ದಾಖಲೆ, ಪತ್ರಿಕೆಯ ಫೋಟೋ, ಮೂರನ್ನೂ ಅಗ್ನಿಶಾಮಕ ಇಲಾಖೆಗೆ ಕೊಟ್ಟಾಗಿದೆ. ಅವರು ಬಂದು ನೋಡಿ ಆ ಬಾಗಿಲನ್ನು ಕಳಚಿಸಿ ಹೋದದ್ದು ತಮಗೆ ಗೊತ್ತೇ ಇದೆ. ಪೊಲೀಸ್ ದೂರು ಬರೆದಿಟ್ಟಿದ್ದೇವೆ, ಮಗಳು ಸಹಿ ಹಾಕಿದ್ದಾಳೆ. ರೇಡಿಯೋ ಸಾಕ್ಷಿ ಹೇಳುತ್ತಾನೆ. ಅವನ ಸೇವೆ ಇನ್ನೂ ಎರಡು ವರ್ಷ ಇದೆ, ತಾವು ಏನು ಬೇಕಾದರೂ ಮಾಡಬಹುದು ಎಂದು ನಾನೇ ಎಚ್ಚರಿಸಿದೆ. "ನಾನು ಅವತ್ತು ಅವರ ಕೊರಳಿಂದ ಕಿತ್ಕೊಂಡು ಓಡ್ಬೇಕಿತ್ತು. ಇದಾದ್ರೂ ಮಾಡ್ತೀನಿ," ಎಂದ.

ಹದಿನೈದು ದಿನ ಕಾಯುತ್ತೇವೆ. ಹದಿನಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮಗಳು, ರೇಡಿಯೋ, ನಾನು, ಮೂವರೂ ಠಾಣೆಯ ಮೆಟ್ಟಿಲ ಮೇಲಿರುತ್ತೇವೆ. ತಮ್ಮ ಬೀಳ್ಕೊಡುಗೆಗೆ ಎಷ್ಟು ಕುರ್ಚಿ ಹಾಕಿಸಬೇಕೆಂದು ಅದಾದ ಮೇಲೆ ಲೆಕ್ಕ ಹಾಕಿಕೊಳ್ಳಿ.

ಇಂತಿ,
ತಪ್ಪೆಂದು ತಿಳಿದೂ ತಮ್ಮ ಮಾತಿಗೆ ತಲೆಯಾಡಿಸಿದ,
ಇನ್ನು ಮುಂದೆ ಯಾರ ಮಾತಿಗೂ ಆಡಿಸದ,
ಒಬ್ಬ ಕಪ್ಪುಪಟ್ಟಿಯ ತಂತ್ರಜ್ಞ